ವಾಕಿಟಾಕಿಗೊಂದು ಸಹಿ

"ಈ ಸೆಟ್ಟಲ್ಲಿ ಮಾತಾಡಿದೀರಾ?" ಅಧಿಕಾರಿ ವಾಕಿಟಾಕಿಯನ್ನು ಕೊಲೆಗೆ ಬಳಸಿದ ಚಾಕುವಿನಂತೆ ಎರಡೇ ಬೆರಳಲ್ಲಿ ಎತ್ತಿ ಹಿಡಿದಿದ್ದ.

"ಇಲ್ಲ ಸಾರ್. ಆನ್ ಕೂಡ ಮಾಡಿಲ್ಲ."

"ಆನ್ ಮಾಡದೆ, ಸರಿಯಾಗಿ ಕೆಲಸ ಮಾಡುತ್ತೆ ಅಂತ ಹೇಗೆ ಬರೆದ್ರಿ?"

ಮೈಕಣ್ಣ ಅರ್ಜಿಯನ್ನು ಇನ್ನಷ್ಟು ಮುಂದಕ್ಕೆ ತಳ್ಳಿದ. ಪರದೇಶದ ಈ ಲೈಸೆನ್ಸ್ ಕಚೇರಿಗೆ ಅವನು ಬರುತ್ತಿರುವುದು ಇದು ಒಂಬತ್ತನೇ ಸಲ. ಮೊದಲ ಸಲ ಫೋಟೋದಲ್ಲಿ ಕಿವಿ ಕಾಣುತ್ತಿರಲಿಲ್ಲ. ಎರಡನೇ ಸಲ ಕಿವಿ ಕಂಡಿತು, ಜೊತೆಗೆ ಹಲ್ಲೂ ಕಂಡಿತು. ಲೈಸೆನ್ಸ್ ಕೇಳುವವನು ನಗಬಾರದಂತೆ. ಆಮೇಲೆ ಅವನು ನಕ್ಕೇ ಇರಲಿಲ್ಲ.

ಕಟ್ಟಡದ ಸೈಟಿನಲ್ಲಿ ಕೆಳಗೆ ನಿಂತು ಕ್ರೇನಿಗೆ ದಾರಿ ಹೇಳುವುದು ಅವನ ಕೆಲಸ. ಮೇಲೆ ಕ್ರೇನಿನ ಗೂಡಿನಲ್ಲಿ ಕೂತವನು ಹೆಂಡತಿಯ ತಮ್ಮ. ಐದನೇ ಮಹಡಿಯವರೆಗೂ ಗಂಟಲೇ ಸಾಕಾಗಿತ್ತು. ಮೈಕಣ್ಣ ಅನ್ನುವ ಹೆಸರು ಬಂದದ್ದೇ ಹಾಗೆ. ಆರನೆಯದಕ್ಕೆ ಕೂಗು ಗಾಳಿಪಾಲಾಗಿ, ಕಬ್ಬಿಣದ ಕಟ್ಟು ನೇರ ಎಂಜಿನಿಯರ್ ಕಾರಿನ ನೆತ್ತಿ ಮೇಲೆ ಕೂತಿತು. ಮರುದಿನವೇ ಎರಡು ವಾಕಿಟಾಕಿ ಬಂದವು. ಆದರೆ ಈ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಅವುಗಳ ಗುಂಡಿ ಒತ್ತಿದರೆ ಜೈಲು.

ಸೈಟ್ ನಿಂತು ಒಂದೂವರೆ ತಿಂಗಳಾಗಿತ್ತು. ಶನಿವಾರದೊಳಗೆ ಲೈಸೆನ್ಸ್ ಬರದಿದ್ದರೆ ಭಾವ, ಬಾಮೈದ ಇಬ್ಬರೂ ಊರಿಗೆ. ಹೆಂಡತಿ ಫೋನಿನಲ್ಲಿ ಹೇಳಿಯಾಗಿತ್ತು: "ನನ್ನ ತಮ್ಮ ವಾಪಸ್ ಬಂದ್ರೆ ಅವನಿಗೆ ಬಾಗಿಲು ತೆಗೀತೀನಿ. ನಿಮಗೂ ತೆಗೀತೀನಿ ಅಂದ್ಕೋಬೇಡಿ."

ಇವತ್ತು ಅಧಿಕಾರಿ ಅರ್ಜಿಯನ್ನು ಎಷ್ಟು ತಿರುವಿ ಹಾಕಿದರೂ ಕೊಂಕು ಸಿಗಲಿಲ್ಲ. ಮುಖ ಬಾಡಿತು. 'ಸೈಟಿನ ವಿಳಾಸ: ಪ್ಲಾಟ್ ನಂಬರ್ ಹದಿನಾಲ್ಕು' ಅಂತಿದ್ದ ಸಾಲಿಗೆ ಓದದೆಯೇ ಟಿಕ್ ಹಾಕಿದ. ಸಹಿಯನ್ನೂ ಹಾಕಿದ. ಆಮೇಲೆ ಕೋಣೆಯ ತುಂಬ ಪೇರಿಸಿದ್ದ ಮರದ ಪೆಟ್ಟಿಗೆಗಳನ್ನು ನೋಡಿ ಚೇತರಿಸಿಕೊಂಡ.

"ಮುದ್ರೆ ಪೆಟ್ಟಿಗೆ ಒಳಗಿದೆ. ಪೆಟ್ಟಿಗೆ ತೆಗೆಯೋದು ಹೊಸ ಕಚೇರಿಗೆ ಹೋದ ಮೇಲೆ."

"ಯಾವಾಗ ಹೋಗ್ತೀರಿ ಸಾರ್?"

"ಹೋದ ತಿಂಗಳೇ ಹೋಗ್ಬೇಕಿತ್ತು. ಕಟ್ಟೋ ಸೋಮಾರಿಗಳು ಮುಗಿಸಿದ್ರೆ ತಾನೆ?" ಸೂರಿನಿಂದ ಒಂದು ಹನಿ ಅವನ ಮೇಜಿನ ಮೇಲೆ ತೊಟಕ್ಕೆಂದಿತು.

ಮೈಕಣ್ಣನಿಗೆ ಬೆಣ್ಣೆ ಹಚ್ಚುವ ಜಾಗ ಕಂಡಿತು.

"ಅಂಥವರನ್ನ ಮೊದಲು ಊರಿಗೆ ಓಡಿಸ್ಬೇಕು ಸಾರ್. ನಾನೂ ಕಟ್ಟಡದವನೇ, ಈ ಜಾತಿಯವರನ್ನ ಚೆನ್ನಾಗಿ ಬಲ್ಲೆ. ನೆರಳು ಸರಿದ ಹಾಗೆ ಹಾಸಿಗೆ ಸರಿಸ್ಕೊಂಡು ಮಲಗ್ತಾರೆ."

ಅಧಿಕಾರಿಯ ಮುಖ ಮೊದಲ ಸಲ ಅರಳಿತು. "ಇದನ್ನೇ ಸಹಿ ಹಾಕಿ ಹೇಳ್ತೀರಾ?"

ದೂರು ಮೊದಲೇ ಸಿದ್ಧವಿತ್ತು. ಕೆಲಸ ಬಲ್ಲವನೊಬ್ಬನ ಸಾಕ್ಷಿ ಸಹಿ ಮಾತ್ರ ಬಾಕಿ. ಆ ದೇಶದ ಅಕ್ಷರ ಮೈಕಣ್ಣನಿಗೆ ಬರುತ್ತಿರಲಿಲ್ಲ. ಓದುವ ಗೋಜಿಗೇ ಹೋಗದೆ, ಮದುವೆ ದಾಖಲೆಗೂ ಹಾಕಿರದಷ್ಟು ಚಂದವಾಗಿ, ಕೊಂಬು ದೀರ್ಘ ಎಲ್ಲ ಎಳೆದು ಕನ್ನಡದಲ್ಲಿ ಸಹಿ ಹಾಕಿದ.

ಒಂದು ಪೆಟ್ಟಿಗೆ ತಾನಾಗಿಯೇ ತೆರೆದುಕೊಂಡಿತು. ಟಪ್, ಮುದ್ರೆ ಬಿತ್ತು. ಲೈಸೆನ್ಸ್ ಕೈಗೆ ಬಂತು.

ಎರಡು ದಿನ ಆರನೇ ಮಹಡಿ ಹೂವಿನಂತೆ ಎದ್ದಿತು. ಮೈಕಣ್ಣ ವಾಕಿಟಾಕಿಯಲ್ಲಿ ಪಿಸುಮಾತಿನಲ್ಲೇ ಕಬ್ಬಿಣ ಎತ್ತಿಸಿದ. ಮೇಲಿಂದ ಬಾಮೈದ, "ಭಾವ, ನೀವಿಷ್ಟು ಮೆತ್ತಗೆ ಮಾತಾಡಿದ್ದು ಅಕ್ಕ ಎದುರಿಗಿದ್ದಾಗ ಮಾತ್ರ" ಅಂದ.

ಶನಿವಾರ ಬೆಳಿಗ್ಗೆ ಎಂಜಿನಿಯರ್ ಕಾಗದವೊಂದನ್ನು ಹಿಡಿದು ಬಂದ. "ಕೆಲಸ ನಿಲ್ಸಿ. ಪ್ಲಾಟ್ ಹದಿನಾಲ್ಕರ ಗುತ್ತಿಗೆ ರದ್ದು. ನಾವು ಸೋಮಾರಿಗಳಂತೆ, ಎಲ್ಲರೂ ಊರಿಗೆ ಹೊರಡ್ಬೇಕಂತೆ."

"ಯಾವ ಪಾಪಿ ಸಾರ್ ಹಾಗಂದಿದ್ದು?" ಮೈಕಣ್ಣನ ಹಳೇ ಗಂಟಲು ಮರಳಿ ಬಂತು. ಐದು ಮಹಡಿಯೂ ನಡುಗಿತು.

"ಕಟ್ಟಿಸ್ತಿರೋ ಇಲಾಖೆಯವರು ದೂರು ಕೊಟ್ಟಿದಾರೆ. ಸಾಕ್ಷಿ ಯಾರೋ ನಿಮ್ಮ ಭಾಷೆಯವನೇ. ನಂಗೆ ಓದಕ್ಕೆ ಬರಲ್ಲ, ಹೆಸರೇನು ನೋಡು."

ಕಾಗದದ ನೆತ್ತಿಯಲ್ಲಿದ್ದ ಲಾಂಛನ, ಮೈಕಣ್ಣನ ಜೇಬಿನೊಳಗಿನ ಲೈಸೆನ್ಸಿನ ಮೇಲೂ ಇತ್ತು.

ವಾಕಿಟಾಕಿ ಗೊರಗುಟ್ಟಿತು. "ಭಾವ, ನಿಮ್ಮ ಕೂಗು ಸೆಟ್ಟಲ್ಲಿ ಇಲ್ಲೀವರೆಗೂ ಕೇಳ್ತು. ಯಾರಂತೆ ಆ ಪಾಪಿ? ಹೇಳಿ, ಅಕ್ಕಂಗೂ ಹೇಳ್ತೀನಿ."

ಐದು ಮಹಡಿ ಮುಟ್ಟುವ ಆ ಗಂಟಲಿನಿಂದ ಅವನ ಸ್ವಂತ ಹೆಸರೊಂದು ಮಾತ್ರ ಹೊರಬರಲಿಲ್ಲ.