ನಲವತ್ತನೆಯ ಪುಟದ ಅಡಿಟಿಪ್ಪಣಿ

“ಇದನ್ನು ಟೈಪ್ ಮಾಡಲು ಯಾರು ಹೇಳಿದ್ದು, ಹಸೈನಾರ್ರೇ?” ಉಪನ್ಯಾಸಕ ರುಡೊಲ್ಫ್ ತನ್ನ ಪ್ರಬಂಧದ ನಲವತ್ತನೆಯ ಪುಟದ ಅಡಿಗೆ ಬೆರಳೊತ್ತಿ ಕೇಳಿದ.

ಅಲ್ಲಿ ಅವನು ಬರೆದೇ ಇರದ ಅಡಿಟಿಪ್ಪಣಿಯೊಂದು ಕೂತಿತ್ತು. ಲೇಖಕರು ಅಲ್ಫೋನ್ಸ್ ಮಾಸ್ಟರ್. ಲೇಖನದ ಹೆಸರು ಉದ್ಧರಣ ಚಿಹ್ನೆಯೊಳಗೆ, ಪತ್ರಿಕೆಯ ಹೆಸರಿಗೆ ಅಡಿಗೆರೆ, ಆಮೇಲೆ ಸಂಪುಟ, ಸಂಚಿಕೆ, ವರ್ಷ, ಪುಟ. ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ.

“ನೀವೇ ಕಳಿಸಿದ್ದಲ್ವಾ ಸಾರ್, ಆ ಅಜ್ಜನನ್ನು?” ಫಳ್ನೀರಿನ ಟೈಪಿಂಗ್ ಅಂಗಡಿಯ ಹಸೈನಾರ್ ಮಿಷನ್ ಒರೆಸುತ್ತ ನಕ್ಕ. “ಕರಿ ಕೋಟು. ಭಾರೀ ಶಿಸ್ತು ಮಾರಾಯ್ರೇ! ಒಂದು ಕಾಮಾ ಬಿಟ್ಟದ್ದಕ್ಕೆ ಇಡೀ ಪುಟ ಪುನಃ ಹೊಡೆಸಿದ್ರು.”

ಯಾವನೋ ಹೊಟ್ಟೆಕಿಚ್ಚಿನವನ ಕುಚೇಷ್ಟೆ ಎಂದು ರುಡೊಲ್ಫನಿಗೆ ಸಿಟ್ಟು ಬಂತು. ಅವನಿಗೆ ಇತಿಹಾಸ ಕಲಿಸಿದ ಅಲ್ಫೋನ್ಸ್ ಮಾಸ್ಟರ್ ತೀರಿಕೊಂಡು ವರ್ಷವಾಗಿತ್ತು. ಸತ್ತವರು ಎದ್ದು ಬಂದು ಕೇಳುತ್ತಾರೆಯೇ ಎಂಬ ಧೈರ್ಯದಲ್ಲಿ ರುಡೊಲ್ಫ್ ಮಹಾಶಯ ಅವರ ಲೇಖನವನ್ನೂ, ತೀರಿಹೋದ ಇನ್ನು ಕೆಲವರ ಲೇಖನಗಳನ್ನೂ ಹೆಸರು ಹೇಳದೆ ಸಾಲುಸಾಲಾಗಿ ತನ್ನ ಪ್ರಬಂಧಕ್ಕೆ ಇಳಿಸಿಕೊಂಡಿದ್ದ. ಈ ಟಿಪ್ಪಣಿ ಉಳಿದರೆ ಪರೀಕ್ಷಕರು ಮೂಲ ಹುಡುಕಿ ತೆಗೆಯುತ್ತಾರೆ. ಡಾಕ್ಟರೇಟೂ ಹೋಯಿತು, ಮರ್ಯಾದೆಯೂ ಹೋಯಿತು.

“ಅದನ್ನು ತೆಗೆದು ಪುನಃ ಹೊಡೆಯಿರಿ.”

“ತೆಗೀತೇನೆ. ಆದ್ರೆ ಅಜ್ಜ ಬಂದ್ರೆ ಎಂತ ಹೇಳುದು? ಪಾಪ, ಬೆರಳು ತೋರಿಸ್ಲಿಕ್ಕೂ ಅವರಿಗೆ ಕಷ್ಟ. ಎರಡೂ ಕೈ ಸೇರಿಸಿ ಒಂದು ಮಣಿಸರ ಸುತ್ತಿತ್ತು. ಬಿಚ್ಚಿ ಕೊಡ್ಲಾ ಅಂತ ಕೇಳಿದೆ. ಬೇಡ, ರುಡೊಲ್ಫ್ ಕಟ್ಟಿದ್ದು, ಇರ್ಲಿ ಅಂದ್ರು.”

ಶವಪೆಟ್ಟಿಗೆ ಮುಚ್ಚುವ ಮೊದಲು ಗುರುಗಳ ಜೋಡಿಸಿದ ಕೈಗಳಿಗೆ ಜಪಮಾಲೆ ಸುತ್ತಿದ್ದು ರುಡೊಲ್ಫನೇ. ಕ್ರೈಸ್ತರ ಆ ಪದ್ಧತಿ ಹಸೈನಾರ್‌ಗೆ ಎಲ್ಲಿಂದ ಗೊತ್ತಿರಬೇಕು!

“ಬೇಡ, ಬೇಡ... ಟಿಪ್ಪಣಿ ಹಾಗೇ ಇರಲಿ,” ಎಂದ. ಡಾಕ್ಟರೇಟು ಹಾಳಾಗಿ ಹೋಗಲಿ, ಜೀವ ಉಳಿದರೆ ಸಾಕಾಗಿತ್ತು ಅವನಿಗೆ.

ಹಸೈನಾರ್ ಹೊಸ ಹಾಳೆಯನ್ನು ಮಿಷನ್ನಿಗೆ ಏರಿಸಿ, ಬಾಗಿಲಾಚೆಯ ಬೆಂಚಿನತ್ತ ಕತ್ತು ಚಾಚಿ ನೋಡಿದ.

“ಒಳ್ಳೆದಾಯ್ತು ಸಾರ್. ಅಜ್ಜ ಇವತ್ತು ಇನ್ನೂ ನಾಲ್ಕು ಜನರನ್ನು ಕರ್ಕೊಂಡು ಬಂದಿದ್ದಾರೆ. ಒಬ್ಬರ ಮೈಯೆಲ್ಲ ಬೂದಿ ಮಾರಾಯ್ರೇ, ನನ್ನ ಬೆಂಚು ಹಾಳಾಯ್ತು. ಅವರದ್ದೆಲ್ಲ ಯಾವ ಯಾವ ಪುಟ ಅಂತ ನೀವೇ ಹೇಳಿಬಿಡಿ.”