ಹಂಸದ ನಮೂನೆ

ಆ ಬೀದಿಯಲ್ಲಿ ಕ್ರೋಶಾ ಕಡ್ಡಿಯಲ್ಲಿ ಹೆಣೆದ ಹಂಸದ ತೋರಣ ಇದ್ದದ್ದು ಅಂಬುಜಮ್ಮನ ಬಾಗಿಲಿಗೆ ಮಾತ್ರ. ಎದುರು ಮನೆಯ ಸುಗುಣ ಅದರ ನಮೂನೆಯ ಹಾಳೆ ಕೇಳಿದಾಗಲೆಲ್ಲ, "ಆ ಹಾಳೆಗಳ ರಾಶಿಯಲ್ಲಿ ಎಲ್ಲಿ ಸೇರಿದೆಯೋ, ಸಿಗ್ತಾನೇ ಇಲ್ಲ ಕಣೆ" ಎಂದು ಸಾಗಹಾಕುತ್ತಿದ್ದಳು.

ಒಂದು ಮಧ್ಯಾಹ್ನ ಸುಗುಣ ಸೀರೆ ಅಂಗಡಿಯ ಖಾಲಿ ರಟ್ಟಿನ ಡಬ್ಬಗಳನ್ನು ಹೊತ್ತು ಬಂದೇಬಿಟ್ಟಳು. "ಬನ್ನಿ ಅಕ್ಕ, ನಿಮ್ಮ ನಮೂನೆ ಎಲ್ಲ ಜೋಡಿಸಿಡೋಣ."

ಅಂಬುಜಮ್ಮ ಗಾಬರಿಯಲ್ಲಿ ಹಂಸದ ಹಾಳೆಯನ್ನು ಚಾಪೆಯಡಿಗೆ ತಳ್ಳಿ, ಅದರ ಮೇಲೆಯೇ ಕೂತಳು. ಆಮೇಲೆ ಏಳುವಂತಿಲ್ಲ.

"ಮಂಡಿ ನೋವಾ ಅಕ್ಕ? ಕೂತಿರಿ, ಕಾಫಿ ನಾನೇ ಮಾಡ್ತೀನಿ."

ಸುಗುಣ ಕಾಫಿ ತಂದುಕೊಟ್ಟಳು. ಟೋಪಿ, ಮೇಜಿನ ಬಟ್ಟೆ, ತೋರಣ ಎಂದು ಹಾಳೆಗಳನ್ನು ವಿಂಗಡಿಸಿ, ಡಬ್ಬಗಳಿಗೆ ತುಂಬಿ, ಚೀಟಿ ಅಂಟಿಸಿದಳು.

"ಹಂಸ ಸಿಗಲೇ ಇಲ್ಲ ನೋಡು," ಎಂದಳು ಅಂಬುಜಮ್ಮ, ಲೋಟದಿಂದ ತಲೆ ಎತ್ತದೆ.

"ಪಾಪ, ಕಳೆದೇ ಹೋಗಿದೆ ಬಿಡಿ. ಮೊನ್ನೆ ನಿಮ್ಮ ಬಾಗಿಲಲ್ಲಿ ನಿಂತು, ತೋರಣದ ಒಂದೊಂದೇ ಚೌಕ ಎಣಿಸಿ ನಾನೇ ಬರೆದುಕೊಂಡೆ," ಎಂದು ಸುಗುಣ ಚೀಲದಿಂದ ಒಂದು ಗ್ರಾಫ್ ಹಾಳೆ ತೆಗೆದು ತೋರಣದ ಡಬ್ಬಕ್ಕೆ ಹಾಕಿದಳು. "ಇದು ನಿಮಗೆ ಅಂತಲೇ ಇನ್ನೊಂದು ಬರೆದದ್ದು ಅಕ್ಕ."