ಕೊಂಡಮ್ಮ ಕಟ್ಟಿದ ಹೂವು

"ನಾನು ಮತ್ತೆ ಮಾತ್ರೆ ಬಿಟ್ರೆ ಹಿಡಿದು ಅಡ್ಮಿಟ್ ಮಾಡ್ಬಿಡಿ ಡಾಕ್ಟ್ರಮ್ಮ. ಅತ್ರೂ ಬೈದ್ರೂ ಕೇಳ್ಬೇಡಿ" ಎಂದು ಏಳು ವರ್ಷದ ಹಿಂದೆ ಕೊಂಡಮ್ಮ ಮಾತು ತೆಗೆದುಕೊಂಡಿದ್ದಳು. ಅದಕ್ಕೂ ಸ್ವಲ್ಪ ಮುಂಚೆ ಅವಳು ಮಾತ್ರೆ ಬಿಟ್ಟು, ಖುಷಿ ನೆತ್ತಿಗೇರಿ, ನಿದ್ದೆ ಬಿಟ್ಟ ಐದನೆಯ ದಿನ, ಮಗಳು ಅರ್ಪಿತಳ ಕೈಹಿಡಿದು ದೇವರಾಯಸಮುದ್ರದ ಕೆರೆಗೆ ಇಳಿದಿದ್ದಳು. ಮನೋವೈದ್ಯೆ ಡಾ. ಶೈಲಜಾ "ಆಗಲಿ" ಎಂದಿದ್ದರು.

ಇವತ್ತು ಅದೇ ಕೊಂಡಮ್ಮ ಮಗಳ ಜೊತೆ ಕೋಲಾರದ ಆಸ್ಪತ್ರೆಗೆ ಬಂದು, ಅರ್ಪಿತಳ ಮದುವೆ ಪತ್ರಿಕೆಯ ಮೇಲೆ ಒಂದು ಮೊಳ ಕನಕಾಂಬರ ಇಟ್ಟು ಕೊಟ್ಟಳು. "ನಾನೇ ಕಟ್ಟಿದ್ದು! ಭಾನುವಾರ ಧಾರೆ. ಬರ್ಲಿಲ್ಲ ಅಂದ್ರೆ ಟ್ರ್ಯಾಕ್ಟರ್ ತಂದು ಎತ್ತಾಕ್ಕೊಂಡ್ ಹೋಗ್ತೀನಿ ನೋಡಿ." ಡಾಕ್ಟರು ನಗಲಿಲ್ಲ. ಹೂವಿನ ಗಂಟುಗಳನ್ನೇ ನೋಡುತ್ತಿದ್ದರು. ಮಾತ್ರೆ ಶುರುವಾದಾಗಿನಿಂದ ಬೆರಳು ನಡುಗುತ್ತವೆಂದು ಕೊಂಡಮ್ಮ ಹೂ ಕಟ್ಟುವುದನ್ನೇ ಬಿಟ್ಟಿದ್ದಳು. ಈ ಗಂಟುಗಳು ಒಂದೊಂದೂ ಅಳೆದು ಹಾಕಿದಂತಿದ್ದವು.

"ಮಾತ್ರೆ ತಗೋತಿದ್ದೀರಾ?"

"ನಾನೇ ಕೊಡೋದು ಮೇಡಂ, ಬಾಯಿ ತೆಗೆಸಿ ನೋಡ್ತೀನಿ" ಎಂದಳು ಅರ್ಪಿತ, ತಾಯಿಗಿಂತ ಮೊದಲೇ.

ಡಾಕ್ಟರು ಕೊಂಡಮ್ಮನ ಕೈ ಚಾಚಿಸಿ, ಬೆರಳುಗಳ ಮೇಲೆ ಒಂದು ಬಿಳಿ ಹಾಳೆ ಇಟ್ಟರು. ಹಾಳೆಯ ತುದಿಯೂ ಅಲುಗಲಿಲ್ಲ.

"ನಿದ್ದೆ?"

"ನಾಲ್ಕು ದಿನದಿಂದ ಬೇಕೇ ಆಗಿಲ್ಲ! ಎಷ್ಟು ಕೆಲ್ಸ ಆಗ್ತೈತೆ ಗೊತ್ತಾ?"

ಅರ್ಪಿತ ತಲೆ ತಗ್ಗಿಸಿದಳು. ಅದನ್ನು ನೋಡಿ ಕೊಂಡಮ್ಮನ ನಗು ಇಳಿಯಿತು. "ಮಗಳ ಹಾರ ನನ್ ಕೈಯಲ್ಲೇ ಕಟ್ಬೇಕು ಅಂತ ಮಾತ್ರೆ ಬಿಟ್ಟೆ ಡಾಕ್ಟ್ರಮ್ಮ. ಭಾನುವಾರ ಒಂದು ಮುಗೀಲಿ, ನಿಮ್ ಕಾಲಿಗೆ ಬೀಳ್ತೀನಿ."

ಡಾ. ಶೈಲಜಾ ಕೊಟ್ಟ ಮಾತಿನಂತೆ ಅವಳನ್ನು ಅವತ್ತೇ ಅಡ್ಮಿಟ್ ಮಾಡಿಕೊಂಡರು.